ಸೋಲೋ ಮಾಮನ ಬೀಗ

ಆರಂಭಿಕರಿಗೆ ಸುಲಭ ಎಂದು ಯಾರಾದರೂ ಬರೆದು ಅಂಟಿಸಿದ್ದರೆ, ಅದು ಬರೆದು ಅಂಟಿಸಿದವರಿಗೆ ಸುಲಭ ಎಂದು ಅರ್ಥ. ಈ ಜ್ಞಾನೋದಯ ಮಾಕೆರೆತಾಳಿಗೆ ದ್ವೀಪನಾಡಿನ ರಾಜಧಾನಿ ಸುವಾದ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಬೆಳಗಿನ ಚಹಾ ಇನ್ನೂ ಆರದಿರುವಾಗಲೇ ಆಯಿತು.

ಶಾಲೆಯ ಮಕ್ಕಳಿಗೆಂದು ಏರ್ಪಡಿಸಿದ್ದ ಹ್ಯಾಕಿಂಗ್ ಸ್ಪರ್ಧೆ. ಕಳ್ಳರ ಹಾಗೆ ಯೋಚಿಸಿ, ಸಾಚಾಗಳ ಹಾಗೆ ಆಡಿ ಎಂದು ಗೋಡೆಯ ಮೇಲೆ ದೊಡ್ಡ ಬ್ಯಾನರ್. ಸಂಘಟಕರೇ ಕಟ್ಟಿಟ್ಟ ಸುಳ್ಳು ಕಂಪನಿಗಳು, ಅವುಗಳ ಸುಳ್ಳು ವೆಬ್‌ಸೈಟುಗಳು, ಅವಕ್ಕೆ ಸುಳ್ಳು ಬೀಗಗಳು. ಒಡೆಯಲು ಹೋದವರ ಹತಾಶೆ ಮಾತ್ರ ಅಪ್ಪಟ ನಿಜ. ಒಂದೊಂದು ಬೀಗದ ಹಿಂದೆಯೂ ಒಂದು ಗುಟ್ಟಿನ ಪದ ಅಡಗಿರುತ್ತದೆ, ಅದಕ್ಕೆ ಬಾವುಟ ಎಂದು ಹೆಸರು. ಬಾವುಟ ಹುಡುಕಿ ತಂದು ಪರದೆಯ ಮೇಲಿನ ಚೌಕದಲ್ಲಿ ತುಂಬಿದರೆ ಅಂಕ.

ಮೊದಲ ಪ್ರಶ್ನೆಯ ಹೆಸರು ‘ಸ್ವಾಗತ’. ಅದರಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ. ಬಾವುಟವನ್ನು ಚಿತ್ರವೊಂದರಲ್ಲಿ ದಪ್ಪಕ್ಷರದಲ್ಲಿ ಬರೆದು, ಇದನ್ನೇ ಕೆಳಗೆ ತುಂಬಿ ಎಂದು ಹೇಳಿದ್ದರು. ಮಾಕೆರೆತಾ ತುಂಬಿದಳು. ತಪ್ಪು ಎಂದಿತು ಪರದೆ. ಮತ್ತೆ ತುಂಬಿದಳು. ತಪ್ಪು, ಆದರೆ ಎದೆಗುಂದಬೇಡಿ ಎಂದು ನಗುವ ಮುಖವೊಂದು ಮೂಡಿತು. ಇನ್ನೊಂದು ಸಲ ತುಂಬಿದಾಗ ಅದೇ ಮುಖ ಇನ್ನೂ ಅಗಲವಾಗಿ ನಕ್ಕಿತು.

ಪಕ್ಕದಲ್ಲಿ ಕೂತಿದ್ದ ಶಾಲ್ವಿನ್ ಬಿಸ್ಕತ್ತು ಅಗಿಯುತ್ತ, "ಅದು ಓ ಅಲ್ಲ, ಸೊನ್ನೆ" ಎಂದ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಹೇಳೋಕೇನಾಗಿತ್ತು?"

"ನೀನು ಕೇಳ್ಲಿಲ್ಲ."

ಶಾಲ್ವಿನ್ ಹಾಗೆಯೇ. ಬಾಯಿಯನ್ನು ಊಟಕ್ಕೆಂದು ಕಾದಿರಿಸಿಕೊಂಡ ಹುಡುಗ. ಅವನ ಚೀಲದಲ್ಲಿ ಸದಾ ರೊಟ್ಟಿಯಲ್ಲಿ ಸುತ್ತಿದ ಆಲೂಗಡ್ಡೆ ಪಲ್ಯ ಇರುತ್ತಿತ್ತು, ತಲೆಯಲ್ಲಿ ಸದಾ ಉತ್ತರ ಇರುತ್ತಿತ್ತು. ಎರಡನ್ನೂ ಅವನಾಗಿ ಯಾರಿಗೂ ಕೊಟ್ಟವನಲ್ಲ.

ಮಾಕೆರೆತಾ ಸುಮ್ಮನೆ ಹಲ್ಲು ಕಡಿದಳು. ಅವಳಿಗೆ ಇವತ್ತು ಆಟ ಆಡುವ ಪುರಸೊತ್ತಿರಲಿಲ್ಲ. ರೇವಾ ನದಿಯ ದಂಡೆಯ ಅವಳ ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ ಇತ್ತು. ಅರ್ಧ ಕಂಪ್ಯೂಟರುಗಳು ಕೆಟ್ಟಿದ್ದವು, ಉಳಿದರ್ಧ ಕೆಡುವ ಮನಸ್ಸು ಮಾಡಿದ್ದವು. ಆದರೂ ಅದು ಅವಳ ಕಂಪ್ಯೂಟರ್ ಸಂಘದ ಕೋಣೆ, ಶಾಲೆ ಬಿಟ್ಟ ಮೇಲೆ ಅವಳು ಉಸಿರಾಡುವ ಜಾಗ. ಆ ಕೋಣೆಯ ಮೇಲೆ ರಗ್ಬಿ ತಂಡದ ಕಣ್ಣು ಬಿದ್ದು ಒಂದು ತಿಂಗಳಾಗಿತ್ತು. ಅವರಿಗೆ ಕಸರತ್ತಿಗೆ ಕಬ್ಬಿಣ ಎತ್ತಲು ಜಾಗ ಬೇಕಿತ್ತಂತೆ. ರಗ್ಬಿ ಚೆಂಡು ಉರುಳಿದತ್ತ ಊರಿಗೆ ಊರೇ ಉರುಳುವ ನಾಡಿನಲ್ಲಿ ಕಂಪ್ಯೂಟರಿನ ಇಲಿಗೆ ಯಾರು ಬೆಲೆ ಕೊಡುತ್ತಾರೆ?

ಮುಖ್ಯೋಪಾಧ್ಯಾಯರಾದ ನೈವಾಲು ಸರ್ ನ್ಯಾಯವಂತರು, ಎಂದರೆ ಯಾರನ್ನೂ ನೇರವಾಗಿ ನೋಯಿಸದವರು. "ನೋಡಮ್ಮ, ಸ್ಪರ್ಧೆಗೆ ಹೋಗ್ತಿದ್ದೀರಲ್ಲ. ಮೊದಲ ಮೂರರೊಳಗೆ ಬಂದು ಒಂದು ಫಲಕ ತಂದುಕೊಡಿ, ಕೋಣೆ ನಿಮ್ದೇ. ಇಲ್ಲಾಂದ್ರೆ ಸೋಮವಾರದಿಂದ ಅಲ್ಲಿ ಕಬ್ಬಿಣ" ಎಂದಿದ್ದರು. ಅವಳು ಒಪ್ಪಿದ್ದಳು. ಆರಂಭಿಕರಿಗೆ ಸುಲಭ ಎಂದು ಬರೆದಿತ್ತಲ್ಲ, ಅದನ್ನು ನಂಬಿ.

ತಂಡದ ಮೂರನೆಯವನು ಕೆಲೆಪಿ. ಸೋದರತ್ತೆಯ ಮಗ, ಆದ್ದರಿಂದ ಅವನಿಗೆ ಅವಳನ್ನು ಗೇಲಿ ಮಾಡುವ ಹಕ್ಕು ಹುಟ್ಟಿನಿಂದಲೇ ಬಂದಿತ್ತು. ಅವಳಿಗೂ ಇತ್ತು, ಆದರೆ ಅವಳಿಗೆ ಅಷ್ಟು ಪುರಸೊತ್ತಿರಲಿಲ್ಲ. ಕೆಲೆಪಿಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಆನ್ ಮಾಡುವುದೊಂದೇ. ಮೂವರು ಇರಲೇಬೇಕು ಎಂಬ ನಿಯಮಕ್ಕಾಗಿ ಅವನನ್ನು ಕರೆತಂದಿದ್ದಳು. ಬಂದ ಗಳಿಗೆಯಿಂದ ಅವನು ಕುರ್ಚಿಯಲ್ಲಿ ಕೂತವನಲ್ಲ. ಲುಂಗಿಯಂಥ ಸುಲು ಉಟ್ಟುಕೊಂಡು, ಚಪ್ಪಲಿ ಪಟಪಟ ಬಡಿಯುತ್ತ ಸಭಾಂಗಣವಿಡೀ ಓಡಾಡಿಕೊಂಡಿದ್ದ.

ಸ್ಪರ್ಧೆಯವರು ಕೊಟ್ಟ ಲ್ಯಾಪ್‌ಟಾಪ್ ಚಾರ್ಜ್ ಇಳಿಯುತ್ತಿದೆ ಎನ್ನುವಾಗ ಎಲ್ಲಿಂದಲೋ ಒಂದು ಉದ್ದದ ಎಕ್ಸ್‌ಟೆನ್ಶನ್ ವೈರ್ ಎಳೆದುಕೊಂಡು ಬಂದ.

"ಎಲ್ಲಿಂದ ತಂದ್ಯೋ?"

"ಕೇಳ್ದೆ, ಕೊಟ್ರು. ಆ ಕಾನ್ವೆಂಟ್ ಹುಡುಗೀರು."

"ಅವರು ನಮ್ಮ ಎದುರಾಳಿಗಳು ಕಣೋ."

"ಎದುರಾಳಿಗಳ ಕರೆಂಟೂ ಕರೆಂಟೇ ಕಣೇ, ಮಾವನ ಮಗಳೇ. ತಗೋ, ಚುಚ್ಚು."

ಹೀಗೆ ಕೇಳಿ ಪಡೆಯುವುದಕ್ಕೆ ಆ ದ್ವೀಪಗಳಲ್ಲಿ ಕೆರೆಕೆರೆ ಎನ್ನುತ್ತಾರೆ. ಬೇಕಾದವನು ನಾಚಿಕೆಯಿಲ್ಲದೆ ಕೇಳಬೇಕು, ಇದ್ದವನು ನಾಚಿಕೆಗೆ ಅಂಜಿ ಕೊಡಬೇಕು. ಕೊಡುವುದಿಲ್ಲ ಎಂದವನ ಮುಖವನ್ನು ಊರು ಮುಂದಿನ ತಲೆಮಾರಿನವರೆಗೆ ನೆನಪಿಟ್ಟುಕೊಳ್ಳುತ್ತದೆ. ಕೆಲೆಪಿಗೆ ಇದು ಉಸಿರಾಟದಷ್ಟು ಸಹಜ. ಮಾಕೆರೆತಾಳಿಗೆ ಕೆರೆಕೆರೆ ಎಂದರೆ ಬರೀ ಕಿರಿಕಿರಿ. ಅದಕ್ಕೆ ಕಾರಣವಿತ್ತು. ಹೋದ ವರ್ಷ ಅವಳ ಸ್ವಂತ ಲ್ಯಾಪ್‌ಟಾಪನ್ನು ಕೆಲೆಪಿಯ ಅಣ್ಣ ಬಂದು, ಮಾವ, ಒಂದು ಕೆರೆಕೆರೆ ಎಂದು ಕೇಳಿದ. ತಂಗಿಯ ಮಗ ಕೇಳಿದರೆ ಸೋದರಮಾವ ಇಲ್ಲ ಎನ್ನುವಂತಿಲ್ಲ. ಅಪ್ಪ ತೆಗೆದು ಕೊಟ್ಟೇಬಿಟ್ಟ. ಲ್ಯಾಪ್‌ಟಾಪ್ ಹಡಗು ಹತ್ತಿ ಇನ್ನೊಂದು ದ್ವೀಪದ ಲಂಬಾಸಾಕ್ಕೆ ಹೋದದ್ದು ಇನ್ನೂ ಬಂದಿಲ್ಲ. ಅಲ್ಲಿಗೆ ಹೋದವರು ಬಂದು, ಅದರಲ್ಲಿ ಮದುವೆಮನೆಗಳಿಗೆ ಹಾಡು ಹಾಕುತ್ತಿದ್ದಾರೆ ಎಂದು ಸುದ್ದಿ ತಂದಿದ್ದರು.

ಹಾಗಾಗಿ ಬೆಳಗ್ಗೆ ಬಸ್ಸಿನಲ್ಲೇ ಅವಳು ಕಟ್ಟಪ್ಪಣೆ ಮಾಡಿದ್ದಳು. "ನಿಯಮ ಓದಿದ್ದೀನಿ. ಬೇರೆ ತಂಡದವರ ಹತ್ರ, ಸ್ವಯಂಸೇವಕರ ಹತ್ರ ಉತ್ತರ ಕೇಳಿದ್ರೆ ಹೊರಗೆ ಹಾಕ್ತಾರೆ. ಇವತ್ತೊಂದು ದಿನ ಕೆರೆಕೆರೆ ಇಲ್ಲ. ಬಾಯಿ ಬಿಟ್ಟರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ."

"ನಿನ್ನ ಹೆಸರಿನ ನಟ್ಟನಡುವೆ ಕೆರೆ ಅಂತ ಕೂತಿದೆ, ಮಾ-ಕೆರೆ-ತಾ" ಎಂದಿದ್ದ ಕೆಲೆಪಿ. "ಬಾಯಲ್ಲಿ ಮಾತ್ರ ಒಂದು ದಿನ ಬಂದಿಲ್ಲ ನೋಡು."

ಇಂಟರ್ನೆಟ್ ಎರಡು ಸಲ ಹೋಗಿ, ಬಂದು, ಮತ್ತೆ ಹೋಯಿತು. ಕೆಸುವಿನ ಗಡ್ಡೆಯ ಫೋಟೋ ಒಂದರೊಳಗೆ ಬಾವುಟ ಅಡಗಿದೆ ಎಂದಿದ್ದರು. ಮಾಕೆರೆತಾ ಆ ಗಡ್ಡೆಯನ್ನು ಹಿಗ್ಗಿಸಿ ಕುಗ್ಗಿಸಿ, ತಲೆಕೆಳಗು ಮಾಡಿ, ಅದರ ಒಂದೊಂದು ಬೇರನ್ನೂ ಎಣಿಸಿ ಸುಸ್ತಾದಳು. ಸುಳಿವು ಎಂದು ಕೊಟ್ಟದ್ದನ್ನು ಓದಿದರೆ ಅದೇ ಒಂದು ಸುಳಿ, ಒಳಗೆ ಎಳೆದುಕೊಂಡು ಮುಳುಗಿಸುವಂಥದ್ದು. ಕೊನೆಗೆ ಅವಳು ಹಲ್ಲು ಕಚ್ಚಿ ಶಾಲ್ವಿನನ ಕಡೆ ತಿರುಗಿ, "ನಿಂಗೆ ಗೊತ್ತಾ?" ಎಂದು ಕೇಳಿದಳು. ಅವನು ರೊಟ್ಟಿ ಕೆಳಗಿಟ್ಟು, ಬೆರಳು ಒರೆಸಿಕೊಂಡು, ಫೋಟೋವನ್ನು ಅಕ್ಷರಗಳ ಕಡತದ ಹಾಗೆ ತೆರೆದು, ಕೊನೆಯ ಸಾಲು ತೋರಿಸಿದ. ಬಾವುಟ ಅಲ್ಲೇ ಕೂತು ಬೆಳಗಿನಿಂದ ಇವರಿಗಾಗಿ ಕಾಯುತ್ತಿತ್ತು.

ಇದೇ ರೀತಿ ಅಷ್ಟಿಷ್ಟು ಗೆದ್ದು, ಮಧ್ಯಾಹ್ನದ ಹೊತ್ತಿಗೆ ಅವರ ರೇವಾ ಮುಂಗುಸಿ ತಂಡ ಗೋಡೆಯ ದೊಡ್ಡ ಪರದೆಯಲ್ಲಿ ಐದನೇ ಸ್ಥಾನಕ್ಕೆ ಬಂತು. ಮೇಲಿನ ಎರಡು ತಂಡಗಳು ಕೈಗೆ ಸಿಗದಷ್ಟು ಮುಂದಿದ್ದವು. ಮೂರನೇ ಸ್ಥಾನಕ್ಕೆ ಏರಬೇಕಾದರೆ ಒಂದೇ ದಾರಿ ಉಳಿದಿತ್ತು, ಯಾರೂ ಬಿಡಿಸದ ಕೊನೆಯ ಪ್ರಶ್ನೆ. ಅದಕ್ಕೆ ಅಂಕ ಎಲ್ಲಕ್ಕಿಂತ ಜಾಸ್ತಿ. ಹೆಸರು ‘ಸೋಲೋ ಮಾಮನ ಹಡಗು ಕಂಪನಿ’.

ವೆಬ್‌ಸೈಟ್ ಚೆಂದವಾಗಿತ್ತು. ನೀಲಿ ಸಮುದ್ರ, ಬಿಳಿ ಹಡಗು, ಟೋಪಿ ಹಾಕಿದ ದಪ್ಪ ಮಾಮನ ಚಿತ್ರ. ನಡುವೆ ಪಾಸ್‌ವರ್ಡ್ ಕೇಳುವ ಬಾಗಿಲು. ಮೂಲೆಯಲ್ಲಿ ಒಂದು ಪುಟ್ಟ ಚೌಕ, ಅದರಲ್ಲಿ ‘ಏನಾದ್ರೂ ಬೇಕಾ? ಸೋಲೋ ಮಾಮನನ್ನು ಮಾತಾಡಿಸಿ’ ಎಂಬ ಒಂದು ಸಾಲು. ಸುಳಿವಿನ ಜಾಗದಲ್ಲಿ ಬರೆದಿತ್ತು: ‘ಬೀಗ ಗಟ್ಟಿ. ಕಾವಲುಗಾರ ಮನುಷ್ಯ.’

"ಮನುಷ್ಯ ಅಂದ್ರೆ ಪಾಸ್‌ವರ್ಡು ಮನುಷ್ಯರ ಹೆಸರು" ಎಂದು ಮಾಕೆರೆತಾ ತೀರ್ಮಾನಿಸಿದಳು. ಸೋಲೋ ಎಂದು ಹಾಕಿದಳು. ಸೋಲೋ ಮುಂದೆ ಒಂದು ಎರಡು ಮೂರು ಹಾಕಿದಳು. ಹಡಗುಗಳ ಹೆಸರು, ದ್ವೀಪಗಳ ಹೆಸರು, ಸೋಲೋ ಮಾಮನಿಗೆ ಇರಬಹುದಾದ ಹೆಂಡತಿಯ ಹೆಸರು, ಆ ಹೆಂಡತಿ ಸಾಕಿರಬಹುದಾದ ನಾಯಿಯ ಹೆಸರು. ಸೋಲೋ ಹೆಸರಿಗೆ ತಕ್ಕಂತೆ ಅವಳನ್ನು ಸೋಲಿಸುತ್ತಲೇ ಹೋದ. ನಾಲ್ಕು ಸಲ ತಪ್ಪಿದರೆ ಬಾಗಿಲು ತಾನೇ ಮುಚ್ಚಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎನ್ನುತ್ತಿತ್ತು. ಆ ಸ್ವಲ್ಪ ಹೊತ್ತು ಇಡೀ ನಾಡಿನ ಸ್ವಲ್ಪ ಹೊತ್ತಿನಂತೆಯೇ ಬಹಳ ಹೊತ್ತಾಗಿತ್ತು.

ಕೆಲೆಪಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. "ಇಲ್ಲಿ ಮಾತಾಡ್ಸಿ ಅಂತ ಬರೆದಿದ್ದಾರಲ್ಲೇ."

"ಮುಟ್ಬೇಡ."

"ಮಾಮನನ್ನ ಮಾತಾಡ್ಸಿ ಅಂತ ಮಾಮನೇ ಹೇಳ್ತಿದ್ದಾನೆ. ಮಾತಾಡ್ಸದೆ ಇದ್ರೆ ಬೇಜಾರಾಗಲ್ವಾ ಅವನಿಗೆ?"

"ಆ ಡಬ್ಬಿಯ ಹಿಂದೆ ಕೂತಿರೋದು ಸ್ವಯಂಸೇವಕ. ಸ್ವಯಂಸೇವಕರ ಹತ್ರ ಉತ್ತರ ಕೇಳಬಾರದು. ನಿಯಮ."

"ಉತ್ತರ ಯಾರು ಕೇಳ್ತಾರೆ? ಊಟ ಆಯ್ತಾ ಅಂತ ಕೇಳ್ತೀನಿ."

"ಕೆಲೆಪಿ, ಇದು ನಿಮ್ಮಜ್ಜಿ ಮನೆ ಜಗಲಿ ಅಲ್ಲ. ನಾವಿಲ್ಲಿ ಬುದ್ಧಿ ಉಪಯೋಗಿಸೋಕೆ ಬಂದಿರೋದು."

"ನಿನ್ನ ಬುದ್ಧಿ ಬೆಳಗ್ಗಿಂದ ನಾಯಿ ಹೆಸರು ಹುಡುಕ್ತಾ ಇದೆ."

ಶಾಲ್ವಿನ್ ಏನೋ ಹೇಳಲು ಬಾಯಿ ತೆರೆದ. ಅವಳು ಅವನನ್ನೂ ದುರುಗುಟ್ಟಿ ನೋಡಿದಳು. ಅವನು ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡ.

ಬಾಗಿಲು ಮತ್ತೊಮ್ಮೆ ಮುಚ್ಚಿಕೊಂಡಾಗ ಅವಳಿಗೆ ತಲೆ ಸಿಡಿಯತೊಡಗಿತು. ಮುಖಕ್ಕೆ ನೀರು ಹಾಕಿಕೊಂಡು ಬರುತ್ತೇನೆ, ಯಾರೂ ಏನೂ ಮುಟ್ಟಬೇಡಿ ಎಂದು ಹೇಳಿ ಹೊರಗೆ ಹೋದಳು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಕೋಣೆಯನ್ನು ನೆನೆದಳು. ಅವಳ ಕುರ್ಚಿಯ ಜಾಗದಲ್ಲಿ ಯಾರೋ ಬೆವರುತ್ತ ಕಬ್ಬಿಣ ಎತ್ತುತ್ತಿದ್ದಂತೆ ಕಂಡಿತು. ಮುಖ ಒರೆಸಿಕೊಂಡು ವಾಪಸು ಬಂದಳು.

ಕೆಲೆಪಿ ಅವಳ ಕುರ್ಚಿಯಲ್ಲಿ ಕೂತಿದ್ದ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ. ಪರದೆಯ ಮೂಲೆಯ ಡಬ್ಬಿ ಅಗಲವಾಗಿ ತೆರೆದುಕೊಂಡಿತ್ತು. ಅವಳು ಮೇಲಿನಿಂದ ಓದಿದಳು.

"ಬುಲಾ, ನಮಸ್ಕಾರ ಮಾಮ. ಊಟ ಆಯ್ತಾ?"

"ಎಲ್ಲಿ ಊಟನಪ್ಪ. ಬೆಳಗ್ಗಿಂದ ಒಂದು ನರಪಿಳ್ಳೆ ಮಾತಾಡಿಸಿಲ್ಲ. ನೀನೇ ಮೊದಲು."

"ಛೆ ಪಾಪ. ಮಾಮ, ಯಾವ ಕಡೆಯವರು ನೀವು?"

"ಕಂದಾವು ದ್ವೀಪ."

"ನಮ್ಮಜ್ಜಿನೂ ಕಂದಾವುನವಳೇ ಮಾಮ. ಹಾಗಾದ್ರೆ ನಾವು ನಾವೇ. ಒಂದು ಕೆರೆಕೆರೆ ಮಾಮ. ನಾನು ನಿಮ್ಮ ಹಡಗಿನ ಹೊಸ ಗುಮಾಸ್ತ, ಪಾಸ್‌ವರ್ಡ್ ಮರೆತುಹೋಗಿದೆ. ಜನ ಎಲ್ಲ ಗಂಟುಮೂಟೆ ಹೊತ್ಕೊಂಡು ದಡದಲ್ಲಿ ನಿಂತಿದ್ದಾರೆ."

"ಅಜ್ಜಿ ಹೆಸರು ಹೇಳು. ಗೊತ್ತಿದ್ದೋರಾದ್ರೆ ಕೊಟ್ಟೇಬಿಡ್ತೀನಿ."

ಬೀಗದ ಕೈ ಬೇಕಾದರೆ ಮೊದಲು ಬೀಗರಾಗಬೇಕು ಎಂಬುದು ಕೆಲೆಪಿಯ ಸಿದ್ಧಾಂತ. ಅವನು ಅಜ್ಜಿಯ ಹೆಸರಿನ ಮೊದಲ ಅಕ್ಷರ ಒತ್ತಿದ್ದ. ಅಷ್ಟರಲ್ಲಿ ಮಾಕೆರೆತಾ ಲ್ಯಾಪ್‌ಟಾಪಿನ ಮುಚ್ಚಳವನ್ನು ಅವನ ಬೆರಳುಗಳ ಮೇಲೆಯೇ ಮುಚ್ಚಿದಳು.

"ಅಯ್ಯಮ್ಮ. ಕೈ ಕಣೇ."

"ನಾಲಿಗೆ ಅಂದಿದ್ದೆ, ಕೈಯಷ್ಟಕ್ಕೇ ಬಿಟ್ಟಿದ್ದೀನಿ, ಪುಣ್ಯ ಅನ್ಕೋ. ನಮ್ಮನ್ನ ಹೊರಗೆ ಹಾಕಿಸ್ತೀಯಾ? ಅವರು ಎಲ್ಲಾನೂ ನೋಡ್ತಾ ಇರ್ತಾರೆ ಕಣೋ. ಎಲ್ಲಾ ದಾಖಲಾಗುತ್ತೆ."

"ಕೊಡ್ತೀನಿ ಅಂದ್ನಲ್ಲೇ."

"ಅದೇ ಕಣೋ ತಪ್ಪು."

ಸಿಕ್ಕಿಬೀಳುವ ಮೊದಲೇ ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಎಂದು ಅವಳ ಲೆಕ್ಕ. ಸೀದಾ ಸಭಾಂಗಣದ ನಡುವೆ ನಿಂತಿದ್ದ ಸಂಘಟಕಿಯ ಹತ್ತಿರ ಹೋದಳು. ಡಾಕ್ಟರ್ ಫ್ರಾನ್ಸೀನ್ ಬ್ರಿಸ್ಬೇನಿನವರು, ಸುವಾಕ್ಕೆ ಬಂದು ನೆಲೆನಿಂತು, ಬೆವರುವುದನ್ನೂ ಕಾಯುವುದನ್ನೂ ಚೆನ್ನಾಗಿ ಕಲಿತವರು.

"ಮೇಡಂ, ಒಂದು ತಪ್ಪಾಗಿದೆ."

"ಏನಮ್ಮ?"

"ನಮ್ಮ ತಂಡದ ಹುಡುಗ ಸೋಲೋ ಮಾಮನ ಹತ್ರ ಪಾಸ್‌ವರ್ಡ್ ಕೇಳಿಬಿಟ್ಟ."

ಫ್ರಾನ್ಸೀನರ ಹುಬ್ಬು ಮೇಲೆ ಹೋಯಿತು. "ಮೆಲ್ಲಗೆ ಮಾತಾಡಮ್ಮ."

ಮೆಲ್ಲಗೆ ಮಾತಾಡುವುದು ತಪ್ಪಿತಸ್ಥರ ಲಕ್ಷಣ ಎಂದು ಮಾಕೆರೆತಾಳ ಅಪ್ಪ ಹೇಳಿಕೊಟ್ಟಿದ್ದ. ಅವಳು ದನಿ ಏರಿಸಿದಳು. "ಮುಚ್ಚಿಡೋದೇನಿಲ್ಲ ಮೇಡಂ. ಮೂಲೆಯಲ್ಲಿರೋ ಡಬ್ಬಿಯಲ್ಲಿ ಊಟ ಆಯ್ತಾ, ಯಾವೂರು ಅಂತೆಲ್ಲ ಮಾತಾಡಿ, ಪಾಸ್‌ವರ್ಡ್ ಕೊಡಿ ಅಂದ. ಆ ಮಾಮನೂ ಕೊಡ್ತೀನಿ ಅಂತ ಒಪ್ಪಿಬಿಟ್ಟ. ಅಷ್ಟರಲ್ಲಿ ನಾನು ನಿಲ್ಲಿಸಿದೆ. ನಾವು ಏನೂ ತಗೊಂಡಿಲ್ಲ. ದಯವಿಟ್ಟು ನಮ್ಮನ್ನ ಹೊರಗೆ ಹಾಕಬೇಡಿ."

ಸುತ್ತಲಿನ ಮೇಜುಗಳಿಂದ ತಲೆಗಳು ಇತ್ತ ತಿರುಗಿದವು. ಫ್ರಾನ್ಸೀನ್ ಕಣ್ಣು ಮುಚ್ಚಿ, ಹಣೆಗೆ ಕೈ ಒತ್ತಿಕೊಂಡು, "ನಿಮ್ಮನ್ನ ಯಾರೂ ಹೊರಗೆ ಹಾಕಲ್ಲ. ಬೇಗ ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ. ಬೇಗ" ಎಂದರು.

ಅವಳು ತಿರುಗಿದಳು. ಆಗ ಕೇಳಿಸಿತು ಆ ಸದ್ದು. ತಗಡಿನ ಮಾಡಿನ ಮೇಲೆ ಮಳೆ ಶುರುವಾದಂತೆ, ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಇನ್ನೊಂದರಲ್ಲಿ, ಆಮೇಲೆ ಎಲ್ಲ ಕಡೆ. ಅಷ್ಟೂ ಮೇಜುಗಳಲ್ಲಿ ಅಷ್ಟೂ ಮಕ್ಕಳು ಬಗ್ಗಿ ಕೂತು ಟೈಪ್ ಮಾಡುತ್ತಿದ್ದರು. ಹತ್ತಿರದ ಮೇಜಿನ, ಲಾಮಿ ಊರಿನ ಶಾಲೆಯ ಹುಡುಗನೊಬ್ಬ ತನ್ನ ಜೊತೆಯವನಿಗೆ ಪಿಸುಗುಟ್ಟುತ್ತಿದ್ದ. "ಮೊದಲು ಊಟ ಆಯ್ತಾ ಅಂತ ಕೇಳು. ಆಮೇಲೆ ಊರು."

ಅವಳು ತನ್ನ ಮೇಜಿಗೆ ಬಂದು ಕೂತಳು. ಸೋಲೋ ಮಾಮನ ಬೀಗ ತೆರೆಯುವ ವಿಧಾನವೇ ಅದು. ಬೆಳಗಿನಿಂದ ಇಡೀ ನಾಡಿನ ಮಕ್ಕಳು, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಒಂದೇ ಒಂದು ಕೆಲಸವನ್ನು ಇವತ್ತು ಮಾಡಬಾರದು ಎಂದು ಬಾಯಿ ಬಿಗಿಹಿಡಿದು ಕೂತಿದ್ದರು. ಅವರ ಬಾಯಿಗೆ ಹಾಕಿದ್ದ ಬೀಗವನ್ನು ಅವಳೇ ಎದ್ದುನಿಂತು ತೆಗೆದುಬಿಟ್ಟಿದ್ದಳು.

"ನಾನು ಹೇಳೋಣ ಅಂತಿದ್ದೆ" ಎಂದ ಶಾಲ್ವಿನ್.

"ನೀನು ಮಾತಾಡ್ಬೇಡ."

"ಆಗ್ಲೂ ನಿನ್ನ ಕಣ್ಣು ಅದನ್ನೇ ಅಂದಿತ್ತು."

ಕೆಲೆಪಿ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಮುಚ್ಚಳ ತೆರೆದ. ಹಳೆಯ ಮಾತುಕತೆ ಅಳಿಸಿಹೋಗಿತ್ತು. ಡಬ್ಬಿಯಲ್ಲಿ ಹೊಸ ಸಾಲೊಂದು ಮೂಡಿತ್ತು: ‘ನಿಮ್ಮ ಮುಂದೆ ಬಹಳ ಜನ ಇದ್ದಾರೆ. ದಯವಿಟ್ಟು ಸಾಲಿನಲ್ಲಿ ಕಾಯಿರಿ. ಸೋಲೋ ಮಾಮ ಒಬ್ಬರೇ ಇದ್ದಾರೆ.’ ಗೋಡೆಯ ಪರದೆಯಲ್ಲಿ ತಂಡಗಳು ಏಣಿ ಹತ್ತಿದಂತೆ ಹತ್ತತೊಡಗಿದವು. ಎಕ್ಸ್‌ಟೆನ್ಶನ್ ವೈರ್ ಕೊಟ್ಟ ಕಾನ್ವೆಂಟ್ ಹುಡುಗಿಯರು ಮೇಲೆ ಹೋದರು, ಅವರ ಬೆನ್ನಿಗೇ ಲಾಮಿಯ ಹುಡುಗರು. ಮುಂಗುಸಿ ಒಂದೊಂದೇ ಮೆಟ್ಟಿಲು ಕೆಳಗಿಳಿದು ಕೂತಿತು.

ಅವಳು ಸಾಲು ಮುಂದೆ ಸರಿಯುವುದನ್ನೇ ನೋಡುತ್ತ ಉಗುರು ಕಚ್ಚಿದಳು. ಬ್ಯಾಂಕಿನಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಕಾದು ಕಾದು ಕಲ್ಲಾದ ಜನರ ಮಗಳು ಅವಳು, ಆದರೂ ಇಂಥ ಕಾಯುವಿಕೆ ಕಂಡಿರಲಿಲ್ಲ. ಸೋಲೋ ಮಾಮ ಒಬ್ಬೊಬ್ಬರ ಅಜ್ಜಿಯನ್ನೂ ವಿಚಾರಿಸಿಕೊಳ್ಳುತ್ತಿದ್ದ. ಒಮ್ಮೆಯಂತೂ ‘ಮಾಮ ಚಹಾ ಕುಡಿಯುತ್ತಿದ್ದಾರೆ’ ಎಂಬ ಸಾಲು ಮೂಡಿ, ಹಾಗೆಯೇ ನಿಂತುಬಿಟ್ಟಿತು.

ಕೊನೆಗೂ ಸರದಿ ಬಂತು. "ಕೇಳು. ಬೇಗ ಕೇಳು" ಎಂದಳು ಮಾಕೆರೆತಾ. ಅವಳ ಬಾಯಿಂದ ಆ ಮಾತು ಬಂದದ್ದಕ್ಕೆ ಕೆಲೆಪಿ ಎರಡು ಕ್ಷಣ ಅವಳನ್ನೇ ನೋಡಿದ, ಆಮೇಲೆ ಟೈಪ್ ಮಾಡಿದ.

"ಬುಲಾ ಮಾಮ, ನಾನೇ, ಕಂದಾವು ಅಜ್ಜಿ ಮೊಮ್ಮಗ."

"ಓಹೋ. ಅಜ್ಜಿ ಹೆಸರು ಕೇಳ್ತಿದ್ದ ಹಾಗೆ ಮುಖಕ್ಕೆ ಬಾಗಿಲು ಹಾಕ್ಕೊಂಡು ಓಡಿದೋನು. ಹಿರಿಯರ ಹತ್ರ ಮಾತಾಡೋ ರೀತಿನಾ ಅದು?"

"ನಾನಲ್ಲ ಮಾಮ. ನನ್ನ ಮಾವನ ಮಗಳು ಮುಚ್ಚಿದ್ದು. ನನ್ನ ಬೆರಳೂ ಒಳಗೇ ಇತ್ತು."

"ಹಾಗಾದ್ರೆ ಅವಳೇ ಬಂದು ತಪ್ಪಾಯ್ತು ಅನ್ಲಿ."

ಕೆಲೆಪಿ ಕುರ್ಚಿ ಬಿಟ್ಟೆದ್ದ. ಮಾಕೆರೆತಾ ಕೂತಳು. ಜೀವಮಾನದಲ್ಲಿ ಯಾರ ಹತ್ತಿರವೂ ಏನೂ ಬೇಡದ ಅವಳ ಬೆರಳುಗಳು ಕೀಲಿಗಳ ಮೇಲೆ ತಡವರಿಸಿದವು. "ಮಾನ್ಯರೇ, ಈ ಮೂಲಕ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ, ಸಂಭಾಷಣೆಗೆ ಉಂಟಾದ ಅಡಚಣೆಗಾಗಿ ಕ್ಷಮೆ ಇರಲಿ" ಎಂದು ಬರೆದಳು.

"ಇದೇನು, ರಜಾ ಅರ್ಜಿನಾ?" ಎಂದಿತು ಡಬ್ಬಿ. "ಮನುಷ್ಯರ ಹಾಗೆ ಮಾತಾಡಮ್ಮ."

"ಮನುಷ್ಯರ ಹಾಗೆ" ಎಂದು ಕೆಲೆಪಿ ಅವಳ ಕಿವಿಯಲ್ಲಿ ಉಸುರಿದ. "ಮಾಮ, ಬಿಸಿಲಲ್ಲಿ ತಲೆ ಕೆಟ್ಟಿತ್ತು, ಮಗಳು ಅಂತ ಬಿಟ್ಟುಬಿಡಿ ಅನ್ನು."

"ಬಿಸಿಲೆಲ್ಲಿದೆ? ಒಳಗೆ ಕೂತಿದ್ದೀವಿ."

"ಅಯ್ಯೋ, ಬರಿಯೇ."

ಅವಳು ಬರೆದಳು. ಮಗಳು ಎಂಬಲ್ಲಿಗೆ ಬರುವಾಗ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಆಮೇಲೆ "ಆಯ್ತಮ್ಮ, ಹೋಗ್ಲಿ ಬಿಡು. ಈಗ ಹೇಳು, ಅಜ್ಜಿ ಹೆಸರು" ಎಂದಿತು ಡಬ್ಬಿ.

ಅವಳು ಕೆಲೆಪಿಯ ಕಡೆ ತಿರುಗಿದಳು. "ಏನೋ ಆ ನಿಮ್ಮಪ್ಪನ ಕಡೆ ಅಜ್ಜಿ ಹೆಸರು?"

"ಲಾವೆನಿಯಾ" ಎಂದ ಕೆಲೆಪಿ. ಅವನ ಮಾತಿನ ಮೇಲೆಯೇ ಸ್ಪರ್ಧೆ ಮುಗಿದ ಹಾರ್ನ್ ಮೊಳಗಿತು. ಪರದೆ ಬೂದುಬಣ್ಣಕ್ಕೆ ತಿರುಗಿತು.

ಮುಂಗುಸಿ ಎಷ್ಟನೆಯದಾಯಿತು ಎಂದು ಅವಳು ನೋಡಲಿಲ್ಲ. ಮೂರನೆಯದಲ್ಲ ಎಂದು ಗೊತ್ತಿತ್ತು, ಅಷ್ಟು ಸಾಕು. ಹಿಂದಿನ ಕೋಣೆಯಿಂದ ಸೋಲೋ ಮಾಮ ಚಹಾದ ಲೋಟ ಹಿಡಿದು ಹೊರಬಂದ. ವಿಶ್ವವಿದ್ಯಾಲಯದ ಮೊದಲ ವರ್ಷದ ಹುಡುಗ, ಮೀಸೆ ಇನ್ನೂ ಬರುವ ಯೋಚನೆಯಲ್ಲಿತ್ತು. "ಯಾರಮ್ಮ ರಜಾ ಅರ್ಜಿ?" ಎಂದು ವಿಚಾರಿಸುತ್ತಿದ್ದ. ಫ್ರಾನ್ಸೀನ್ ಅವಳ ಪಕ್ಕ ಬಂದು ಕೂತರು.

"ಆ ಬಾಗಿಲು ಮೊದಲು ತಟ್ಟಿದ್ದು ನಿಮ್ಮ ತಂಡ. ಈ ದೇಶದಲ್ಲಿ ಇದು ಅರ್ಧ ಗಂಟೆಯೊಳಗೆ ಎಲ್ಲರಿಗೂ ಸಿಕ್ಕಿಬಿಡುತ್ತೆ ಅಂತ ನಾನು ಅಂದ್ಕೊಂಡಿದ್ದೆ."

"ಕೇಳಬಾರದು ಅಂತ ನೀವೇ ಬರೆದಿದ್ರಲ್ಲ ಮೇಡಂ."

"ನಮ್ಮನ್ನ ಕೇಳಬಾರದು ಅಂತ. ಸೋಲೋ ಮಾಮ ಆಟದೊಳಗಿನವನು. ಕಳ್ಳ ಬೀಗ ಒಡಿಯಲ್ಲಮ್ಮ, ಕಾವಲುಗಾರನ್ನ ಮಾತಾಡಿಸ್ತಾನೆ. ಅದೇ ಪಾಠ."

"ಪಾಠ ಅರ್ಥ ಆಯ್ತು ಮೇಡಂ" ಎಂದಳು. ಎದ್ದು ವೈರ್ ಸುತ್ತಿದಳು. ಅದನ್ನಾದರೂ ಕಾನ್ವೆಂಟ್ ಹುಡುಗಿಯರಿಗೆ ವಾಪಸು ಕೊಡಬೇಕಿತ್ತು. ಅವರ ಕೈಯಲ್ಲಿ ಮೂರನೇ ಸ್ಥಾನದ ಫಲಕವಿತ್ತು.

ಊರಿನ ಬಸ್ಸು ಹತ್ತಿದರು. ಕಿಟಕಿಗೆ ಗಾಜಿಲ್ಲದ ಬಸ್ಸು, ಗಾಳಿಯೇ ಅವರ ಪರವಾಗಿ ಗೊಣಗಿತು. ನೌಸೋರಿಯ ಸೇತುವೆ ಬಂದಾಗ ಕೆಲೆಪಿ, "ನೈವಾಲು ಸರ್ ಹತ್ರ ಕೇಳೋಣ" ಎಂದ.

"ಏನು ಕೇಳೋದು? ಫಲಕ ತಂದ್ರೆ ಕೋಣೆ ಅಂತ ಮಾತಾಗಿತ್ತು. ತಂದಿಲ್ಲ."

"ಅದಕ್ಕೇ ಕೇಳೋದು. ತಂದಿದ್ರೆ ಯಾರು ಕೇಳ್ತಿದ್ರು?" ಎಂದ ಅವನು. "ಬರಿಗೈಲಿ ಬೇಡ. ನಾಳೆ ಮಾವನ ಹತ್ರ ಒಂದು ಕಟ್ಟು ಯಾಂಗೋನಾ ಬೇರು ಕೇಳ್ತೀನಿ. ತಂಗಿ ಮಗ ಕೇಳಿದ್ರೆ ಇಲ್ಲ ಅನ್ನಲ್ಲ. ನೀನು ಮಾತ್ರ ಸರ್ ಮುಂದೆ ಪೊಲೀಸ್ ಮುಖ ಹಾಕ್ಕೊಂಡು ನಿಲ್ಲಬೇಡ."

ಅಪ್ಪನ ಲ್ಯಾಪ್‌ಟಾಪ್ ದಾನದ ಮೇಲೆ ಇನ್ನೂ ಆರದ ಸಿಟ್ಟಿನಲ್ಲೇ ಅವಳು ಅಪ್ಪನ ಯಾಂಗೋನಾ ಕಟ್ಟನ್ನು ಒಪ್ಪಿಕೊಂಡಳು. ಹಿರಿಯರ ಮುಂದಿಟ್ಟು ಕೇಳಿದರೆ ಕೇಳಿದ್ದಕ್ಕೆ ತೂಕ ಬರುವ, ಅರೆದು ಕುಡಿಯುವ ಬೇರು ಅದು.

ಸೋಮವಾರ ಬೆಳಗ್ಗೆ ಅವರು ಮುಖ್ಯೋಪಾಧ್ಯಾಯರ ಕೋಣೆಯ ಚಾಪೆಯ ಮೇಲೆ ಕೂತರು. ಮಾಕೆರೆತಾ ಬೇರಿನ ಕಟ್ಟು ಮುಂದಿಟ್ಟು, ತಲೆ ತಗ್ಗಿಸಿ, ಕಲಿಸಿಕೊಟ್ಟಂತೆ ಕೇಳಿದಳು. ಸರ್ ಮನೆಯವರ ಆರೋಗ್ಯ ವಿಚಾರಿಸಿದಳು. ಸೋತೆವು ಎಂದಳು. ಆದರೂ ಕೋಣೆ ಬಿಟ್ಟುಕೊಡಿ, ಒಂದು ಕೆರೆಕೆರೆ ಎಂದಳು. ಆ ಪದ ಬಾಯಿಂದ ಬರುವಾಗ ಮೀನಿನ ಮುಳ್ಳು ಕಕ್ಕಿದಂತಾಯಿತು.

ನೈವಾಲು ಸರ್ ಬೇರಿನ ಕಟ್ಟು ಮುಟ್ಟಿ ಸ್ವೀಕರಿಸಿದರು. ಆಮೇಲೆ ಛಾವಣಿ ನೋಡಿದರು. "ಇಷ್ಟು ಚೆಂದ ಕೇಳಿದ್ದೀಯ, ಇಲ್ಲ ಅನ್ನೋಕೆ ಬಾಯಿ ಬರಲ್ಲಮ್ಮ. ಆದ್ರೆ" ಎಂದು ಮೇಜಿನ ಕೆಳಗಿಂದ ಇನ್ನೊಂದು ಕಟ್ಟು ಎಳೆದು ತೋರಿಸಿದರು. ಅದು ಇವಳದ್ದಕ್ಕಿಂತ ದಪ್ಪವಾಗಿತ್ತು. "ರಗ್ಬಿ ಕೋಚ್ ನಿನ್ನೆ ಚರ್ಚ್ ಮುಗಿಸ್ಕೊಂಡು ಮನೆಗೇ ಬಂದಿದ್ರು. ಅವರಿಗೂ ಇಲ್ಲ ಅನ್ನೋಕಾಗ್ಲಿಲ್ಲ."

ಯಾರಿಗೂ ಇಲ್ಲ ಎನ್ನದವರು ಕೊನೆಗೆ ಮಾಡುವುದನ್ನೇ ಅವರೂ ಮಾಡಿದರು. ಕೋಣೆ ಇಬ್ಬರದ್ದೂ ಆಯಿತು. ಒಂದು ಗೋಡೆಗೆ ಕಂಪ್ಯೂಟರ್, ಇನ್ನೊಂದು ಗೋಡೆಗೆ ಕಬ್ಬಿಣ, ನಡುವೆ ನೋವಿನೆಣ್ಣೆಯ ವಾಸನೆ. ಯಾರಾದರೂ ಭಾರ ಎತ್ತಿ ಕೆಳಗೆ ಹಾಕಿದರೆ ಪರದೆಗಳು ಮಿಣಕ್ ಎಂದು ಆರಿ ಹತ್ತುತ್ತಿದ್ದವು. ಅದಾದರೂ ಸಹಿಸಬಹುದಿತ್ತು. ಕಬ್ಬಿಣ ಕಳುವಾಗಬಾರದೆಂದು ಕೋಚ್ ಬಾಗಿಲಿಗೆ ಹೊಸ ಬೀಗ ಹಾಕಿಸಿ, ಅದರ ಒಂದೇ ಒಂದು ಕೀಲಿಕೈಯನ್ನು ತಂಡದ ನಾಯಕ ಸೈರುಸಿಯ ಕೈಗೆ ಕೊಟ್ಟಿದ್ದರು. ಸೈರುಸಿ ಅದನ್ನು ಕಾಲುಚೀಲದೊಳಗೆ ಇಟ್ಟುಕೊಂಡು ಮೈದಾನದಲ್ಲಿ ಓಡುತ್ತಿದ್ದ.

ಮೊದಲ ಸಂಜೆ ಮಾಕೆರೆತಾ ಬೀಗವನ್ನು ಎಳೆದು ನೋಡಿದಳು. ಬಾಗಿಲಿಗೆ ಒದ್ದಳು. ಶಾಲ್ವಿನ್ ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚಿದ.

"ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದಳು.

"ಬೀಗ ಗಟ್ಟಿ" ಎಂದ ಶಾಲ್ವಿನ್.

ಅವಳು ನಿಟ್ಟುಸಿರು ಬಿಟ್ಟು ಮೈದಾನಕ್ಕೆ ಇಳಿದಳು. ಸೈರುಸಿ ಬೆವರು ಸುರಿಸುತ್ತ ಹುಲ್ಲಿನ ಮೇಲೆ ಒರಗಿದ್ದ, ಬಾಗಿಲಿನಷ್ಟೇ ಅಗಲದ ಹುಡುಗ. ಅವನ ಹತ್ತಿರ ಹೋಗಿ, ಸ್ವಲ್ಪ ದೂರದಲ್ಲಿ ಕೂತಳು. ಮುಖದಿಂದ ಪೊಲೀಸನ್ನು ತೆಗೆಯಲು ಪ್ರಯತ್ನಿಸಿದಳು, ಅರ್ಧ ತೆಗೆದಳು.

"ಊಟ ಆಯ್ತಾ?" ಎಂದು ಹಲ್ಲುಗಳ ನಡುವಿನಿಂದ ಕೇಳಿದಳು.

ಸೈರುಸಿ ಗಾಬರಿಯಾಗಿ ಎದ್ದು ಕೂತ. "ಸಂಜೆ ಹೊತ್ತಲ್ಲಿ ಯಾವ ಊಟನೇ?"

"ಹೋಗ್ಲಿ ಬಿಡು. ನಿಮ್ಮ ತಾಯಿ ಯಾವ ಊರವರು?"